ದಂಡಿನ ಬೀದಿಗಳಲ್ಲಿ ಚರ್ಮದ ಕಾಯಕ

ಬೆಂಗಳೂರಿನ ಕಂಟೋನ್ಮೆಂಟ್ ಪ್ರದೇಶವನ್ನು ಹಳಬರು ಇಂದಿಗೂ ‘ದಂಡು’ ಎಂದು ಕರೆಯುವುದುಂಟು. 1799ರಲ್ಲಿ ಶ್ರೀರಂಗಪಟ್ಟಣವು ಬ್ರಿಟಿಷರ ವಶವಾದ ಮೇಲೆ ಅಲ್ಲಿ ಬೀಡುಬಿಟ್ಟಿದ್ದ ಅವರ ಸೈನ್ಯವು, ಅಲ್ಲಿಯ ಹವೆ ಒಗ್ಗದೆ, 1809ರಲ್ಲಿ ಹಲಸೂರಿನ ಕಡೆಯ ಬಯಲಿಗೆ ಬಂದು ನೆಲೆಸಿತು. ಆ ಕಾಲದ ಗುರುತು ಬೀದಿಗಳ ಹೆಸರಿನಲ್ಲಿ ಉಳಿದಿದೆ. ಕಾಲಾಳುಗಳ ಇನ್‌ಫೆಂಟ್ರಿ ರಸ್ತೆಯನ್ನು ಜನ ಇಂದಿಗೂ ಅದೇ ಹೆಸರಿನಿಂದ ಕರೆಯುತ್ತಾರೆ. ಇಂದಿನ ಕಾಮರಾಜ ರಸ್ತೆಗೆ ಹಿಂದೆ ಕ್ಯಾವಲ್ರಿ ರಸ್ತೆ, ಎಂದರೆ ಕುದುರೆ ದಂಡಿನ ರಸ್ತೆ, ಎಂದು ಹೆಸರಿತ್ತು. ಕುದುರೆಯಿದ್ದಲ್ಲಿ ಜೀನು, ಲಗಾಮುಗಳು ಬೇಕು. ಸಿಪಾಯಿಯಿದ್ದಲ್ಲಿ ಬೂಟು, ನಡುಪಟ್ಟಿಗಳು ಬೇಕು. ಇವೆಲ್ಲವೂ ಚರ್ಮದಿಂದಲೇ ಆಗಬೇಕು. ಫ್ರೇಜರ್ ಟೌನಿನ ಆಚೆಗಿರುವ ಟ್ಯಾನರಿ ರಸ್ತೆಗೆ ಆ ಹೆಸರು ಬಂದದ್ದು ಚರ್ಮ ಹದಮಾಡುವ ಕಾರ್ಖಾನೆಗಳಿಂದ. ಹೀಗೆ ದಂಡಿನ ವೈಭವದ ಹಿಂದೆ, ಯಾವ ಶಿಲಾಫಲಕದಲ್ಲಿಯೂ ಹೆಸರಿಲ್ಲದ ಅಸಂಖ್ಯ ಚರ್ಮ ಕಾಯಕದವರ ಬೆವರು ಇದೆ.

ಈ ಬೀದಿಗಳಲ್ಲಿ ನಾನು ಕುತೂಹಲದಿಂದ ತಿರುಗಾಡಲು ಕಾರಣಳಾದವಳು ನನ್ನ ತಂಗಿಯ ಮಗಳು. ಕೃಷ್ಣರಾಜಪುರದಲ್ಲಿ ವಾಸವಾಗಿರುವ ಈ ಹುಡುಗಿಯದು ದಿನವಿಡೀ ಕಂಪ್ಯೂಟರಿನ ಮುಂದೆ ಕುಳಿತು ಮಾಡುವ ಕೆಲಸ. 2023ರಲ್ಲಿ ಕೃಷ್ಣರಾಜಪುರಕ್ಕೆ ಮೆಟ್ರೋ ಸಂಪರ್ಕ ಬಂದ ಮೇಲೆ ಇಂದಿರಾನಗರ ಅವಳಿಗೆ ಸಮೀಪವಾಯಿತು. ಅಲ್ಲಿ ಭಾನುವಾರಗಳಂದು ನಡೆಯುವ ಚರ್ಮದ ಕುಸುರಿ ಕೆಲಸದ ತರಗತಿಗೆ ಸೇರಿಕೊಂಡಳು.

ಒಮ್ಮೆ ಅವಳೊಡನೆ ಹೋಗಿ ಕುಳಿತು ನೋಡಿದೆ. ಈ ಕೆಲಸಕ್ಕೆ ಎಲ್ಲ ಚರ್ಮವೂ ಬಾರದು. ಕ್ರೋಮಿಯಂ ಲವಣದಿಂದ ಹದಮಾಡಿದ ಚರ್ಮ ಮೆತುವಾಗಿ ಪುಟಿಯುತ್ತದೆ. ಒತ್ತಿದ ಗುರುತು ಅದರಲ್ಲಿ ನಿಲ್ಲುವುದಿಲ್ಲ. ಮರದ ತೊಗಟೆ, ಕಾಯಿಗಳ ಒಗರಿನಿಂದ ಹದಗೊಂಡ ಚರ್ಮವೇ ಆಗಬೇಕು. ನಮ್ಮ ಬಯಲುಸೀಮೆಯಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡದ ತೊಗಟೆ, ಅಳಲೆಕಾಯಿ ಇವು ದಕ್ಷಿಣ ಭಾರತದ ಹದಗಾರರು ತಲೆತಲಾಂತರದಿಂದ ಬಳಸಿದ ಸಾಮಗ್ರಿಗಳು. ಕ್ರೋಮಿಯಂ ಕೆಲಸ ಬೇಗ ಮುಗಿಯುತ್ತದೆ; ತೊಗಟೆಯ ಹದಕ್ಕೆ ವಾರಗಳೇ ಬೇಕು.

ಮೊದಲು ಚರ್ಮವನ್ನು ಸ್ಪಂಜಿನಿಂದ ಒದ್ದೆಮಾಡುತ್ತಾರೆ. ಒಡನೆಯೇ ಕೆಲಸ ಹಿಡಿಯುವಂತಿಲ್ಲ. ನೀರು ಒಳಗಿಳಿದು, ಮೇಲ್ಮೈಯ ಮೊದಲ ಬಣ್ಣ ಮರಳತೊಡಗಿದಾಗ ಹದ ಬಂದಂತೆ. ಆಗ ಚಿತ್ರವನ್ನು ಒತ್ತಿ ಮೂಡಿಸಿ, ಬೆರಳ ತುದಿಯಲ್ಲಿ ತಿರುಗುವ ಸಣ್ಣ ಚಾಕುವಿನಿಂದ ಗೆರೆಗಳನ್ನು ಅರ್ಧ ದಪ್ಪಕ್ಕೂ ಮೀರದಂತೆ ಸೀಳುತ್ತಾರೆ. ಬಳಿಕ ಗ್ರಾನೈಟ್ ಹಾಸಿನ ಮೇಲಿಟ್ಟು, ಉಕ್ಕಿನ ಅಚ್ಚುಗಳನ್ನು ಗೆರೆಯ ಪಕ್ಕದಲ್ಲಿರಿಸಿ ಕೊಡತಿಯಿಂದ ಬಡಿಯುತ್ತಾರೆ. ಕಬ್ಬಿಣದ ಸುತ್ತಿಗೆ ಸಲ್ಲದು. ಅದು ಅಚ್ಚಿನ ತಲೆಯನ್ನೇ ಕೆಡಿಸುತ್ತದೆ. ಗೆರೆಯ ಒಂದು ಬದಿ ತಗ್ಗಿದಂತೆ ಇನ್ನೊಂದು ಬದಿಯ ಎಸಳು ಮೇಲೆದ್ದು ಕಾಣುತ್ತದೆ. ಒದ್ದೆ ಹೆಚ್ಚಾದರೆ ಹೂವು ಮಸುಕಾಗುತ್ತದೆ. ಕಡಿಮೆಯಾದರೆ ಅಚ್ಚು ಇಳಿಯುವುದಿಲ್ಲ. ಹದವನ್ನು ಅಳೆಯುವ ಯಂತ್ರ ಅಲ್ಲಿಲ್ಲ, ಕೈಯೇ ಅರಿಯಬೇಕು.

ಅವಳ ಮೊದಲ ಕೆಲಸ ಲೋಟದ ಕೆಳಗಿಡುವ ದುಂಡನೆಯ ಬಿಲ್ಲೆ. ಎರಡನೆಯದು ಬೀಗದ ಕೈ ತೂಗುವ ಪಟ್ಟಿ. ಮೂರನೆಯದು ಪುಸ್ತಕದ ಹೊದಿಕೆ. ಅದರ ಮೇಲೆ ತಾವರೆ. ಅದನ್ನು ವಚನ ಸಂಪುಟಕ್ಕೆ ತೊಡಿಸಬೇಕೆಂಬುದು ಅವಳ ಆಸೆ. ತುಮಕೂರಿನಿಂದ ಬಂದಿದ್ದ ನನ್ನ ತಂಗಿ ಅದನ್ನು ಕಂಡು, “ಏನಮ್ಮಾ, ತೊಗಲನ್ನು ದೇವರ ಮನೆಗೆ ತರುತ್ತಾರೆಯೇ? ನಮ್ಮ ಮನೆತನದಲ್ಲಿ ಯಾರಾದರೂ ಈ ಕೆಲಸ ಮಾಡಿದ್ದುಂಟೇ?” ಎಂದಳು. ಹುಡುಗಿ ಮೆಲ್ಲಗೆ, “ಹಾಗಾದರೆ ಹರಳಯ್ಯನವರನ್ನು ಎಲ್ಲಿ ಕೂರಿಸುತ್ತೀಯಮ್ಮಾ?” ಎಂದು ಕೇಳಿದಳು. ತಂಗಿ ಉತ್ತರ ಕೊಡಲಿಲ್ಲ.

ಈ ಪ್ರಶ್ನೆ ಆ ಒಂದು ಮನೆಯದಲ್ಲ. ಚರ್ಮ ಹದಮಾಡುವ ಡೋಹರ ಕಕ್ಕಯ್ಯ, ಮಾದಾರ ಚೆನ್ನಯ್ಯ, ಮಾದಾರ ಧೂಳಯ್ಯ ಇವರೆಲ್ಲ ನಮಗೆ ಪೂಜ್ಯರು. ಬಸವಣ್ಣನವರು ತನ್ನೊಂದು ಶರಣಿಗೆ ಎರಡು ಶರಣು ಹೇಳಿದ ಋಣ ತೀರಿಸಲು ಹರಳಯ್ಯ ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿದ ಕಥೆಯನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಅವರ ಮಗನಿಗೂ ಮಧುವರಸರ ಮಗಳಿಗೂ ಆದ ಮದುವೆಗಾಗಿ ತಂದೆಯರಿಬ್ಬರೂ ಪ್ರಾಣ ತೆತ್ತರೆಂದು ಸ್ಮರಿಸುತ್ತೇವೆ. ಅವರ ಹೆಸರು ಮನೆಯೊಳಗಿದೆ, ಅವರ ಕಾಯಕ ಮಾತ್ರ ಹೊಸ್ತಿಲ ಹೊರಗೆ ಉಳಿದಿದೆ.

ಆ ಹೊದಿಕೆಯ ಅಂಚಿನ ಹೊಲಿಗೆ ಸರಿಬಾರದಿದ್ದಾಗ ಹುಡುಗಿಯನ್ನು ಶಿವಾಜಿನಗರಕ್ಕೆ ಕರೆದೊಯ್ದೆ. 1927ರಲ್ಲಿ ಕಟ್ಟಿದ ರಸೆಲ್ ಮಾರುಕಟ್ಟೆಯಿಂದ ತುಸು ದೂರದಲ್ಲಿ, ಬೀದಿಯಂಚಿನಲ್ಲಿ ಚೀಲ, ಚಪ್ಪಲಿಗಳನ್ನು ದುರಸ್ತಿ ಮಾಡುವ ವೃದ್ಧರೊಬ್ಬರಿದ್ದರು. ಹೊದಿಕೆಯನ್ನು ತಿರುಗಿಸಿ ನೋಡಿ, “ಹೂವು ಚೆನ್ನಾಗಿದೆಯಮ್ಮಾ, ಹೊಲಿಗೆ ಸಡಿಲ. ನೂಲಿಗೆ ಮೇಣ ಹಚ್ಚಿಲ್ಲ,” ಎಂದರು. ಒಂದೇ ನೂಲಿನ ಎರಡು ತುದಿಗೆ ಎರಡು ಸೂಜಿ ಪೋಣಿಸಿ, ಒಂದೇ ತೂತಿನಲ್ಲಿ ಎದುರುಬದುರಾಗಿ ಎಳೆದು ಬಿಗಿಯುವ ಬಗೆಯನ್ನು ತೋರಿಸಿದರು. ಜೀನುಗಾರರ ಹೊಲಿಗೆ ಇದೇ. ಒಂದೆಡೆ ನೂಲು ಹರಿದರೂ ಮಿಕ್ಕದ್ದು ಬಿಚ್ಚಿಕೊಳ್ಳದು. ಇದನ್ನು ಕಲಿಯಲು ಹಣ ಕಟ್ಟುವವರಿದ್ದಾರೆಂದು ಕೇಳಿ ಅವರಿಗೆ ಅಚ್ಚರಿಯಾಯಿತು. “ನನ್ನ ಮಗ ಇದನ್ನು ಬಿಟ್ಟ. ಈ ಕೆಲಸ ಮಾಡುವವನಿಗೆ ಹೆಣ್ಣು ಕೊಡುವುದಿಲ್ಲ ಅಂತಾರೆ,” ಎಂದು ಹೇಳಿ ಮತ್ತೆ ಕೆಲಸಕ್ಕೆ ಬಾಗಿದರು. ಇಂದಿರಾನಗರದಲ್ಲಿ ಹವ್ಯಾಸವೆಂದು ಗೌರವ ಪಡೆಯುವ ವಿದ್ಯೆ ಎರಡು ಮೂರು ಮೈಲಿ ಈಚೆಗೆ ಅಪಮಾನಕ್ಕೆ ಕಾರಣವಾಗಿದೆ.

ಈ ವಿದ್ಯೆಗೆ ಮನ್ನಣೆ ದೊರೆತಿಲ್ಲವೆಂದಲ್ಲ. 1976ರಲ್ಲಿ ಸ್ಥಾಪನೆಯಾದ ಸರಕಾರಿ ನಿಗಮ ಲಿಡ್ಕರ್ ಚರ್ಮ ಕುಶಲಕರ್ಮಿಗಳಿಗಾಗಿ ಕೆಲಸಮಾಡುತ್ತಿದೆ. ಅಥಣಿ, ನಿಪ್ಪಾಣಿ ಕಡೆಯ ಕುಶಲಿಗರೂ ತಯಾರಿಸುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಕರ್ನಾಟಕ, ಮಹಾರಾಷ್ಟ್ರಗಳಿಗೆ ಜಂಟಿಯಾಗಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. 2025ರಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಅದನ್ನೇ ಹೋಲುವ ಪಾದರಕ್ಷೆಯನ್ನು ಪ್ರದರ್ಶಿಸಿ, ಆಕ್ಷೇಪಗಳು ಬಂದ ಮೇಲೆ ಅದರ ಸ್ಫೂರ್ತಿ ಭಾರತದ್ದೆಂದು ಒಪ್ಪಿಕೊಂಡಿತು. ಅದೇ ವರ್ಷ ಕೊಪ್ಪಳ ಜಿಲ್ಲೆಯ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಸಂದಿತು. ಆದರೆ ಬಿರುದು, ಮಾನ್ಯತೆಗಳು ದೂರದಿಂದ ಬರುವಂಥವು. ನೆರೆಯವರ ಗೌರವ ನೆರೆಯಿಂದಲೇ ಬರಬೇಕು.

ವಚನ ಸಂಪುಟವು ಈಗ ಆ ಹೊದಿಕೆಯಲ್ಲಿ ನನ್ನ ತಂಗಿಯ ಮನೆಯಲ್ಲಿದೆ. ದೇವರ ಮನೆಯಲ್ಲಲ್ಲ, ನಡುಮನೆಯ ಮೇಜಿನ ಮೇಲೆ. ಅಲ್ಲಿಯವರೆಗೆ ಬಂದುದೂ ಸಣ್ಣ ದಾರಿಯಲ್ಲ. ಓದುಗ ಬಂಧುಗಳು ದಂಡಿನ ಕಡೆಗೆ ಹೋದಾಗ ಹಲಸೂರಿನ ಸೋಮೇಶ್ವರನ ದರ್ಶನ ಮಾಡಿ, ಕಮರ್ಷಿಯಲ್ ಬೀದಿಯಲ್ಲಿ ಬಟ್ಟೆಬರೆ ಕೊಂಡು ಮರಳುವುದು ವಾಡಿಕೆ. ಇನ್ನು ಮುಂದೆ ಬೀದಿಯಂಚಿನ ಉಳಿ, ದಬ್ಬಳಗಳ ಮುಂದೆಯೂ ಕ್ಷಣಕಾಲ ನಿಲ್ಲಿರಿ. ಹರಿದ ಚಪ್ಪಲಿಯನ್ನು ಕಾಲಿನಿಂದ ನೂಕದೆ ಕೈಯಿಂದ ಕೊಡಿರಿ; ಹೇಳಿದ ಕೂಲಿಗೆ ಚೌಕಾಸಿ ಮಾಡಬೇಡಿರಿ. ಮನೆಯ ಮಕ್ಕಳು ಈ ಕೆಲಸವನ್ನು ಕಲಿಯುತ್ತೇವೆಂದರೆ ತಡೆಯದಿರಿ.