ಉಳಿಸುವುದೆಂದರೆ ಏನು ಮಾಡುವುದು? ಮಾರಿಷಸ್‌ನ ಒಂದು ದಿನ, ಎಂಟನೇ ತರಗತಿಯ ಒಂದು ಪಾಠ

ಎಂಟನೇ ತರಗತಿಯ ವಿಜ್ಞಾನದಲ್ಲಿ ‘ಸಸ್ಯಗಳು ಮತ್ತು ಪ್ರಾಣಿಗಳ ಸಂರಕ್ಷಣೆ’ ಎಂಬ ಘಟಕವಿದೆ. ಅಭ್ಯಾಸ ಬೋಧನೆಯ ಎರಡನೇ ಹಂತದಲ್ಲಿ ನನ್ನ ಪಾಲಿಗೆ ಬಂದ ಘಟಕಗಳಲ್ಲಿ ಅದೂ ಒಂದು. ಅರಣ್ಯನಾಶ, ರಾಷ್ಟ್ರೀಯ ಉದ್ಯಾನ, ಅಳಿವಿನಂಚಿನ ಪ್ರಭೇದ, ರೆಡ್ ಡೇಟಾ ಪುಸ್ತಕ ಎಂದು ಪರಿಕಲ್ಪನೆಗಳ ಪಟ್ಟಿ ಮಾಡುವುದು ಕಷ್ಟವಲ್ಲ. ಆದರೆ ಸಂರಕ್ಷಣೆ ಯಾರೋ ಕೈಯಾರೆ ಮಾಡುವ ಕೆಲಸ, ಆ ಕೆಲಸ ಹೇಗಿರುತ್ತದೆ ಎಂಬುದು ಮಕ್ಕಳಿಗೆ ಕಾಣಬೇಕು ಎಂದು ನಮ್ಮ ವಿಜ್ಞಾನ ಬೋಧನಾ ವಿಧಾನದ ಪ್ರಾಧ್ಯಾಪಕರು ಹೇಳುತ್ತಿರುತ್ತಾರೆ. ಎರಡು ಹಂತಗಳ ನಡುವಿನ ದಸರಾ ರಜೆಯಲ್ಲಿ ಆ ಕೆಲಸವನ್ನು ಹತ್ತಿರದಿಂದ ನೋಡುವ ಅವಕಾಶ ನನಗೆ ಒದಗಿತು.

ಅಕ್ಕನ ಸಂಸಾರ ಈಗ ಮಾರಿಷಸ್‌ನಲ್ಲಿದೆ. ಮಾಮಾ ಅಲ್ಲಿನ ಎಬೆನ್ ಎಂಬ ಊರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ಮಾರಿಷಸ್ ಎಂದರೆ ನಮ್ಮ ಕಡೆಯವರಿಗೆ ನೀಲಿ ಸಮುದ್ರದ ದಂಡೆ ಮಾತ್ರ ನೆನಪಾಗುತ್ತದೆ. “ದಂಡಿ ಯಾವಾಗಾದ್ರೂ ನೋಡಬಹುದು. ಒಂದಿನ ಒಳಗ ಹೋಗಿ ಬಾ, ನಿನ್ನ ಪಾಠಕ್ಕ ಉಪಯೋಗ ಆಗ್ತದ” ಎಂದು ಅಕ್ಕ ದ್ವೀಪದ ಒಳನಾಡು ಮತ್ತು ವನ್ಯಜೀವಿ ತೋರಿಸುವ ಒಂದು ದಿನದ ಪ್ರವಾಸಕ್ಕೆ ನನ್ನ ಮತ್ತು ಏಳನೇ ತರಗತಿಯಲ್ಲಿ ಓದುವ ತನ್ನ ಮಗನ ಹೆಸರು ಬರೆಸಿದಳು. ಸಣ್ಣ ವ್ಯಾನು, ಎಂಟು ಜನ. ಮಾರ್ಗದರ್ಶಿ ಐವತ್ತರ ಆಸುಪಾಸಿನ ಮಾರಿಷಸ್‌ನವರೇ. ಅವರ ಹಿರಿಯರು ಬಿಹಾರದಿಂದ ಕಬ್ಬಿನ ಕೆಲಸಕ್ಕೆ ಹೋದವರಂತೆ. ನಮ್ಮೊಡನೆ ಹಿಂದಿಯಲ್ಲೇ ಮಾತಾಡಿದರು.

ಮೊದಲು ನಿಂತದ್ದು ಕ್ಯೂರ್‌ಪೀಪ್ ಪಟ್ಟಣದ ಟ್ರೂ ಓ ಸೆರ್ ಎಂಬ ಜ್ವಾಲಾಮುಖಿಯ ಬಾಯಿಯ ಅಂಚಿನಲ್ಲಿ. ಮುನ್ನೂರು ಮೀಟರಿಗೂ ಹೆಚ್ಚು ಅಗಲದ ದೊಡ್ಡ ಬಟ್ಟಲು ಅದು. ಒಳಗೋಡೆಯ ತುಂಬ ಮರಗಳು, ತಳದಲ್ಲಿ ಜೌಗು ನೀರು. “ಮಾವಶಿ, ಇದು ಈಗ ಕುದಿಯೂದಿಲ್ಲ ಹೌದಲ್ಲ?” ಎಂದು ಹುಡುಗ ಕೇಳಿದ. ಮಾರ್ಗದರ್ಶಿ ಉತ್ತರ ಹೇಳುವ ಬದಲು ಕಾಲ ಬಳಿಯ ಒಂದು ಕರಿಕಲ್ಲನ್ನು ಎತ್ತಿ ಅವನ ಕೈಗೆ ಕೊಟ್ಟು, “ಇದರ ತುಂಬ ತೂತು ಯಾಕಿವೆ?” ಎಂದರು. ಹುಡುಗ ತಿರುಗಿಸಿ ತಿರುಗಿಸಿ ನೋಡಿ “ದೋಸೆಯ ಹಾಗಿದೆ” ಎಂದ. “ದೋಸೆಗೆ ತೂತು ಹೇಗೆ ಬರುತ್ತದೆ?” ಎಂಬ ಮರುಪ್ರಶ್ನೆ ಬಂತು. ಹಿಟ್ಟಿನೊಳಗಿನ ಗಾಳಿಯಿಂದ ಹೊರಟು, ಕರಗಿದ ಶಿಲೆಯಲ್ಲಿ ಸಿಕ್ಕಿಕೊಂಡ ಅನಿಲದ ಗುಳ್ಳೆಗಳವರೆಗೆ ಅವನೇ ಬಂದ. ನಮ್ಮ ಪಾಠಯೋಜನೆಯ ಐದು ಹಂತಗಳಲ್ಲಿ ತೊಡಗಿಸುವಿಕೆ ಮತ್ತು ಅನ್ವೇಷಣೆ ಅಲ್ಲಿ ಐದು ನಿಮಿಷದೊಳಗೆ ಮುಗಿದಿದ್ದವು. ಬಳಸಿದ ಬೋಧನೋಪಕರಣ ಒಂದು ಕಲ್ಲು.

ಆ ಕಲ್ಲು ನನಗೆ ಹೊಸದಲ್ಲ. ನಮ್ಮೂರು ವಿಜಯಪುರ ಜಿಲ್ಲೆಯಲ್ಲಿದೆ. ಹೊಲದಲ್ಲಿ ಕಲ್ಲು ಆರಿಸಿ ಬದುವಿಗೆ ಒಟ್ಟುವುದು ನಾವೆಲ್ಲ ಸಣ್ಣವರಿದ್ದಾಗಿನಿಂದ ಮಾಡಿದ ಕೆಲಸ. ಅದೂ ಬಸಾಲ್ಟೇ, ಗೋಳಗುಮ್ಮಟ ಕಟ್ಟಿದ್ದೂ ಬಸಾಲ್ಟಿನಲ್ಲೇ. ನಮ್ಮ ಎರೆಮಣ್ಣು ಇದೇ ಶಿಲೆ ಸವೆದು ಆದದ್ದು. ಭೂವಿಜ್ಞಾನಿಗಳು ಬಹುಮಟ್ಟಿಗೆ ಒಪ್ಪುವ ವಿವರಣೆಯಂತೆ ಈ ಎರಡು ಕಲ್ಲುಗಳ ಮೂಲವೂ ಒಂದೇ. ಭೂಮಿಯ ಒಳಗೆ ಒಂದು ಬಿಸಿ ತಾಣವಿದೆ, ಅದರ ಮೇಲೆ ಭೂಫಲಕ ಸರಿಯುತ್ತದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭಾರತದ ಫಲಕ ಅದರ ಮೇಲಿದ್ದಾಗ ದಖನ್ನಿನ ಲಾವಾ ಹರಿಯಿತು. ಫಲಕ ಉತ್ತರಕ್ಕೆ ಸರಿದ ಹಾಗೆ ಸಮುದ್ರದಲ್ಲಿ ದ್ವೀಪಗಳ ಸಾಲು ಹುಟ್ಟುತ್ತ ಹೋಯಿತು. 80–90 ಲಕ್ಷ ವರ್ಷಗಳ ಹಿಂದೆ ಮಾರಿಷಸ್ ನೀರಿನಿಂದ ಮೇಲೆದ್ದಿತು. ಈಗ ಅದೇ ತಾಣದ ಬೆಂಕಿ ಪಕ್ಕದ ರೆಯುನಿಯನ್ ದ್ವೀಪದ ಪಿಟೊನ್ ದ ಲಾ ಫೂರ್ನೇಸ್ ಪರ್ವತದಲ್ಲಿ ಕಾಣಿಸುತ್ತದೆ. ದಾರಿಯುದ್ದಕ್ಕೂ ಕಬ್ಬಿನ ಹೊಲಗಳ ನಡುವೆ ಕರಿಕಲ್ಲಿನ ದೊಡ್ಡ ದಿಬ್ಬಗಳಿದ್ದವು. ಕಬ್ಬು ನೆಡಲು ಹೊಲದಿಂದ ಕಲ್ಲು ಎತ್ತಿ ಒಟ್ಟಿದ ಕೈಗಳಲ್ಲಿ, 1834ರಿಂದ ಕರಾರಿನ ಮೇಲೆ ಭಾರತದಿಂದ ಹಡಗೇರಿ ಬಂದ ಲಕ್ಷಾಂತರ ಕೂಲಿಗಳ ಕೈಗಳೂ ಸೇರಿವೆ.

ಗ್ರಾಂ ಬಾಸಿನ್ ಎಂಬ ಜ್ವಾಲಾಮುಖಿ ಕೆರೆಯನ್ನು ಅಲ್ಲಿನ ಹಿಂದೂಗಳು ಗಂಗಾ ತಲಾವ್ ಎಂದು ಪೂಜಿಸುತ್ತಾರೆ. ಅಲ್ಲಿ ಕೈಮುಗಿದು ಪೆಟ್ರಿನ್ ಎಂಬಲ್ಲಿಗೆ ಬಂದೆವು. 1994ರಲ್ಲಿ ಘೋಷಿಸಿದ ಬ್ಲ್ಯಾಕ್ ರಿವರ್ ಗಾರ್ಜಸ್ ರಾಷ್ಟ್ರೀಯ ಉದ್ಯಾನದ ಒಂದು ಬಾಗಿಲು ಅದು. ಮಳೆ ಸಣ್ಣಗೆ ಹನಿಯುತ್ತಿತ್ತು, ಎತ್ತ ನೋಡಿದರೂ ಹಸಿರು. ಮಾರ್ಗದರ್ಶಿ ಕೇಳಿದರು: “ನಿಮಗೆ ಕಾಣುವುದರಲ್ಲಿ ಈ ದ್ವೀಪದ್ದೇ ಆದದ್ದು ಯಾವುದು, ತೋರಿಸಿ.” ಒಬ್ಬರು ಮಂಗ ತೋರಿಸಿದರು. ಅದು ಆಗ್ನೇಯ ಏಷ್ಯಾದಿಂದ ಹಡಗಿನಲ್ಲಿ ಬಂದದ್ದು. ಇನ್ನೊಬ್ಬರು ಜಿಂಕೆ ಎಂದರು. ಅದನ್ನು ಡಚ್ಚರು 1639ರಲ್ಲಿ ಜಾವಾದಿಂದ ತಂದರು. ದಟ್ಟವಾಗಿ ಬೆಳೆದ ಪೊದೆ ಬ್ರೆಜಿಲ್ ಕಡೆಯ ಒಂದು ಜಾತಿಯ ಪೇರಲ. ಅದಕ್ಕೆ ಅಲ್ಲಿನವರು ಚೀನಾ ಪೇರಲ ಎನ್ನುತ್ತಾರೆ. ಹಣ್ಣಿನ ಕಾಲದಲ್ಲಿ ಜನ ಬುಟ್ಟಿ ಹಿಡಿದು ಕಾಡಿಗೆ ಬಂದು ಕಿತ್ತು ತಿನ್ನುತ್ತಾರಂತೆ. ಆದರೆ ಅದರ ಕೆಳಗೆ ದ್ವೀಪದ ಮೂಲ ಸಸಿ ಏಳಲಾರದು. ನನಗೆ ನಮ್ಮ ಹಳ್ಳಗಳನ್ನೆಲ್ಲ ಆವರಿಸಿದ ಬಳ್ಳಾರಿ ಜಾಲಿ ಕಣ್ಣ ಮುಂದೆ ಬಂತು. ಅದೂ ಹೊರಗಿನಿಂದ ಬಂದದ್ದು, ನಮಗೂ ಒಲೆಗೆ ಅದೇ ಬೇಕು.

ಮನುಷ್ಯ ಕಾಲಿಡುವ ಮೊದಲು ಈ ದ್ವೀಪದ ನೆಲದ ಮೇಲಿದ್ದ ಸಸ್ತನಿಗಳೆಂದರೆ ಬಾವಲಿಗಳು ಮಾತ್ರ. ಹಾರಿ ಬರಬಲ್ಲ ಸಸ್ತನಿ ಅದೊಂದೇ ತಾನೆ! ಡೋಡೊ ಹಕ್ಕಿ ರೆಕ್ಕೆಯ ಬಲ ಬಿಟ್ಟು ನೆಲದಲ್ಲಿ ನಿರ್ಭಯವಾಗಿ ಬದುಕಿದ್ದು ಅದಕ್ಕೇ. 1598ರಲ್ಲಿ ಡಚ್ಚರು ಬಂದಿಳಿದರು. ಡೋಡೊವನ್ನು ಕಂಡ ಕೊನೆಯ ವರದಿಯೆಂದು ಹೆಚ್ಚಿನವರು ಒಪ್ಪುವುದು 1662ರದು. ಒಂದು ಮನುಷ್ಯಾಯುಷ್ಯದೊಳಗೆ ಎಲ್ಲ ಮುಗಿದಿತ್ತು. ಇವತ್ತು ಒಳ್ಳೆಯ ಸ್ಥಿತಿಯಲ್ಲಿ ಉಳಿದ ಮೂಲ ಕಾಡು ಶೇ. 2ಕ್ಕಿಂತ ಕಡಿಮೆ.

ಇಲ್ಲಿಯವರೆಗಿನದು ಪಠ್ಯದ ಮಾತೇ. ಆಮೇಲೆ ಕಂಡದ್ದು ಬೇರೆ. ಪೆಟ್ರಿನ್‌ನಲ್ಲಿ ಬೇಲಿ ಹಾಕಿದ ಕಾಡಿನ ತುಂಡುಗಳಿವೆ. ಜಿಂಕೆ, ಹಂದಿ ಒಳಬಾರದ ಹಾಗೆ ಬೇಲಿ. ಒಳಗೆ ಪೇರಲ ಮುಂತಾದ ಹೊರಗಿನ ಗಿಡಗಳನ್ನು ಕಿತ್ತು ಮೂಲ ಸಸಿಗಳಿಗೆ ಜಾಗ ಬಿಡಿಸುತ್ತಾರೆ. ಬಿಟ್ಟರೆ ಮತ್ತೆ ಏಳುತ್ತದೆ, ಮತ್ತೆ ಕೀಳಬೇಕು. “ಹೊಲದಲ್ಲಿ ಕಳೆ ತೆಗೆದ ಹಾಗೆ. ಯಾವ ವರ್ಷ ಸಾಕು ಎನ್ನುತ್ತೀರಿ?” ಎಂದರು ಮಾರ್ಗದರ್ಶಿ.

ಬೇಲಿಯ ಬಳಿ ಒಂದು ಕೊಂಬೆಯ ಮೇಲೆ ಗುಲಾಬಿ ಪಾರಿವಾಳ ಕೂತಿತ್ತು. ತಲೆ ಮತ್ತು ಎದೆ ಮಾಸಿದ ಗುಲಾಬಿ, ರೆಕ್ಕೆ ಕಂದು. ಜಗತ್ತಿನಲ್ಲಿ ಈ ಹಕ್ಕಿ ಕಾಡಿನಲ್ಲಿ ಸಹಜವಾಗಿ ಬದುಕಿರುವುದು ಮಾರಿಷಸ್‌ನಲ್ಲಿ ಮಾತ್ರ. 1990ರ ಸುಮಾರಿಗೆ ಕಾಡಿನಲ್ಲಿ ಉಳಿದದ್ದು ಹತ್ತರಷ್ಟು. ಈಗ ನೂರಾರು ಇವೆ. ಹುಡುಗ ದುರ್ಬೀನಿನಲ್ಲಿ ನೋಡಿ “ಕಾಲಾಗ ಬಣ್ಣದ ಉಂಗುರ ಅದಾವ” ಎಂದ. ಉಂಗುರವಿದೆ ಎಂದರೆ ಯಾರೋ ಈ ಹಕ್ಕಿಯನ್ನು ಕೈಯಲ್ಲಿ ಹಿಡಿದಿದ್ದಾರೆ, ದಾಖಲೆಯಲ್ಲಿ ಬರೆದಿದ್ದಾರೆ, ಬದುಕಿದೆಯೇ ಎಂದು ಮತ್ತೆ ಮತ್ತೆ ನೋಡುತ್ತಾರೆ. ಶಿಕ್ಷಕರಿಗೆ ಇದು ಚೆನ್ನಾಗಿ ಅರ್ಥವಾಗುವ ಕೆಲಸ. ನಮ್ಮ ಹಾಜರಿ ಪುಸ್ತಕವೇ ಅದು. ಕಾಡಿನಲ್ಲಿ ಆಹಾರ ಸಾಲದ್ದರಿಂದ ಅವಕ್ಕೆ ಗೊತ್ತಾದ ಜಾಗಗಳಲ್ಲಿ ಕಾಳು ಇಡುತ್ತಾರೆ, ಗೂಡಿಗೆ ನುಗ್ಗುವ ಇಲಿ, ಬೆಕ್ಕುಗಳನ್ನು ಹಿಡಿಯುತ್ತಾರೆ.

ಕಣಿವೆಯ ಅಂಚಿನ ನೋಟದ ಜಾಗದಲ್ಲಿ ಉದ್ದ ಬಾಲದ ಬಿಳಿ ಕಡಲಹಕ್ಕಿಗಳು ನಮ್ಮ ಕಾಲ ಕೆಳಗಿನ ಆಳದಲ್ಲಿ ತೇಲುತ್ತಿದ್ದವು. ನಾನು ನೋಡಬೇಕೆಂದಿದ್ದ ಮಾರಿಷಸ್ ಕೆಸ್ಟ್ರೆಲ್ ಎಂಬ ಸಣ್ಣ ಚಾಣ ಕಾಣಲಿಲ್ಲ, ಅದರ ಕಥೆ ಸಿಕ್ಕಿತು. ಕಾಡು ಕರಗಿದ್ದು, ಡಿಡಿಟಿ ಸಿಂಪಡಣೆ, ಹೊರಗಿನಿಂದ ಬಂದ ಪ್ರಾಣಿಗಳ ಕಾಟ ಎಲ್ಲ ಸೇರಿ 1974ರಲ್ಲಿ ಕಾಡಿನಲ್ಲಿ ಉಳಿದಿದ್ದವೆಂದು ತಿಳಿದದ್ದು ನಾಲ್ಕೇ ಹಕ್ಕಿ. 1979ರಲ್ಲಿ ಬಂದ ಕಾರ್ಲ್ ಜೋನ್ಸ್ ಎಂಬ ಜೀವವಿಜ್ಞಾನಿ ಮತ್ತು ಅವರ ಜೊತೆಗಾರರು ಒಂದು ಸರಳ ಗುಣವನ್ನು ಬಳಸಿಕೊಂಡರು. ಮೊದಲ ಸಲದ ಮೊಟ್ಟೆಗಳನ್ನು ತೆಗೆದರೆ ಹಕ್ಕಿ ಮತ್ತೊಮ್ಮೆ ಇಡುತ್ತದೆ. ತೆಗೆದವನ್ನು ಯಂತ್ರದಲ್ಲಿ ಕಾವು ಕೊಟ್ಟು ಮರಿ ಮಾಡಿದರು, ಸಾಕಿ ಕಾಡಿಗೆ ಬಿಟ್ಟರು, ಗೂಡಿನ ಪೆಟ್ಟಿಗೆ ಕಟ್ಟಿದರು. ಸಂಖ್ಯೆ ನೂರುಗಳಿಗೆ ಏರಿತು. ಆದರೆ 2014ರಲ್ಲಿ ಆ ಚಾಣವನ್ನು ಕೆಂಪು ಪಟ್ಟಿಯಲ್ಲಿ ಮತ್ತೆ ಹೆಚ್ಚು ಅಪಾಯದ ವರ್ಗಕ್ಕೆ ಸೇರಿಸಬೇಕಾಯಿತು. ಅಂದರೆ ಉಳಿಸುವುದು ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ.

ಕೊನೆಗೆ ಶಾಮರೆಲ್. ಬಸಾಲ್ಟ್ ಸವೆದು ಕೆಂಪು, ಕಂದು, ನೇರಳೆ ಬಣ್ಣಗಳ ಮಣ್ಣಿನ ಅಲೆಗಳಾಗಿ ಮಲಗಿರುವ ಜಾಗ. ಪಕ್ಕದ ಆವರಣದಲ್ಲಿ ಅಲ್ಡಾಬ್ರಾ ದ್ವೀಪದ ದೈತ್ಯ ಆಮೆಗಳಿದ್ದವು. ಮಾರಿಷಸ್‌ನ ಸ್ವಂತ ದೈತ್ಯ ಆಮೆಗಳು ಅಳಿದುಹೋದವು, ಅವು ಹಣ್ಣು ತಿಂದು ಬೀಜ ಹರಡುವ ಕೆಲಸವೂ ನಿಂತಿತು. ಹಾಗಾಗಿ ಕರಾವಳಿಯ ಈಲ್ ಒ ಎಗ್ರೆಟ್ ಎಂಬ ಸಣ್ಣ ದ್ವೀಪದಲ್ಲಿ ಅಲ್ಡಾಬ್ರಾ ಆಮೆಗಳನ್ನು ಬಿಟ್ಟರು. ಅವು ತಿಂದು ಹಾಕಿದ ಎಬೊನಿ ಮರದ ಬೀಜಗಳು ಚೆನ್ನಾಗಿ ಮೊಳೆತವು. ಹೋದ ಜೀವಿಯನ್ನು ತರಲಾಗದು, ಅದು ಮಾಡುತ್ತಿದ್ದ ಕೆಲಸವನ್ನು ಇನ್ನೊಂದರಿಂದ ಮಾಡಿಸಬಹುದು ಎಂಬ ಯೋಚನೆ ಇದು.

ತಿರುಗಿ ಬರುವಾಗ ಸಂಜೆಯಾಗಿತ್ತು. ದೊಡ್ಡ ಹಣ್ಣಿನ ಬಾವಲಿಗಳು ಒಂದೊಂದಾಗಿ ರಸ್ತೆಯ ಮೇಲೆ ಹಾರಿ ಹೋದವು. ಒಂದು ಮನೆಯ ಹಿತ್ತಲಲ್ಲಿ ಲಿಚ್ಚಿ ಮರಕ್ಕೆ ಪೂರ್ತಿ ಬಲೆ ಹೊದಿಸಿದ್ದರು. ಇಲ್ಲಿ ಮಾರ್ಗದರ್ಶಿಯ ದನಿ ಬದಲಾಯಿತು. ಕಾಡಿನ ಮರಗಳ ಬೀಜ ಹರಡುವುದು ಈ ಬಾವಲಿಯೇ. ಲಿಚ್ಚಿ, ಮಾವು ತಿನ್ನುವುದೂ ಇದೇ. ಬೆಳೆಗಾರರ ಒತ್ತಾಯಕ್ಕೆ ಸರ್ಕಾರ 2015ರಲ್ಲೂ 2016ರಲ್ಲೂ ಸಾವಿರಾರು ಬಾವಲಿಗಳನ್ನು ಕೊಲ್ಲಿಸಿತು. ವಿಜ್ಞಾನಿಗಳು ವಿರೋಧಿಸಿದರು. 2018ರಲ್ಲಿ ಬಾವಲಿ ಅಪಾಯದಂಚಿನ ಪ್ರಭೇದಗಳ ಪಟ್ಟಿಗೆ ಹೋಯಿತು. ಬಲೆಗೆ ಸಹಾಯಧನವಿದೆ, ಆದರೆ ಎತ್ತರದ ಹಳೆಯ ಮರಕ್ಕೆ ಬಲೆ ಹಾಕುವುದು ಸುಲಭವಲ್ಲ. “ನಮ್ಮ ಮನೆಯಲ್ಲೂ ಲಿಚ್ಚಿ ಮರವಿದೆ. ಹಣ್ಣು ಹೋದಾಗ ನನಗೂ ಸಿಟ್ಟು ಬರುತ್ತದೆ. ಬೆಳಿಗ್ಗೆ ಎದ್ದು ಪ್ರವಾಸಿಗಳಿಗೆ ಬಾವಲಿ ತೋರಿಸುವವನೂ ನಾನೇ” ಎಂದು ನಕ್ಕರು.

ರಜೆ ಮುಗಿಸಿ ಬಂದು ಘಟಕ ಆರಂಭಿಸಿದೆ. ಅಲ್ಲಿಂದ ಕಲ್ಲು ತರಲಿಲ್ಲ, ತರುವ ಅಗತ್ಯವೂ ಇರಲಿಲ್ಲ. ಶಾಲೆಯ ಅಂಗಳದ ಕರಿಕಲ್ಲನ್ನೇ ಮೇಜಿನ ಮೇಲಿಟ್ಟು ಅದರ ನಂಟಿನ ದ್ವೀಪಕ್ಕೆ ಮಕ್ಕಳನ್ನು ಕರೆದೊಯ್ದೆ. ಕೆಸ್ಟ್ರೆಲ್‌ನ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿ, “ನಾಲ್ಕೇ ಉಳಿದಾವ. ನೀವಾದ್ರ ಏನ್ ಮಾಡ್ತೀರಿ?” ಎಂದು ಗುಂಪುಗಳಿಗೆ ಬಿಟ್ಟೆ. ಮನೆಯಲ್ಲಿ ಕೋಳಿ ಸಾಕುವ ಹುಡುಗಿಯೊಬ್ಬಳು ಮೊಟ್ಟೆ ತೆಗೆದು ಬೇರೆ ಕಡೆ ಕಾವಿಗಿಡುವ ಉಪಾಯವನ್ನು ತಾನಾಗಿಯೇ ಹೇಳಿದಳು. ಆಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. “ಟೀಚರ್, ನಮ್ಮ ತೊಗರಿ ಹೊಲದಾಗ ಚಿಗರಿ ಹಿಂಡ ಬಂದು ಮೇದು ಹೋಗ್ತಾವ್ರಿ. ನಮ್ಮಪ್ಪ ರಾತ್ರಿ ಎಲ್ಲಾ ಕಾಯ್ತಾನ. ಅವನ್ನ ಉಳಸ್ರಿ ಅಂದ್ರ ನಾವ್ ಹೆಂಗ ಉಳಿಯೂದ್ರಿ?”

ಕೃಷ್ಣಮೃಗಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ ಎಂಬ ವಾಕ್ಯ ನನ್ನ ಪಾಠಯೋಜನೆಯಲ್ಲಿತ್ತು. ಅದು ಈ ಪ್ರಶ್ನೆಗೆ ಉತ್ತರವಾಗುತ್ತಿರಲಿಲ್ಲ. ನಾನು ಬಾವಲಿಯ ವಿಷಯ ಎತ್ತಿದೆ. ಲಿಚ್ಚಿ ಬೆಳೆಗಾರ, ಕಾಡಿನ ಸಂಶೋಧಕ, ಅಧಿಕಾರಿ, ಪ್ರವಾಸಿ ಮಾರ್ಗದರ್ಶಿ ಎಂದು ನಾಲ್ಕು ಗುಂಪು ಮಾಡಿದೆ. ಚಿಗರಿಯ ಪ್ರಶ್ನೆ ಕೇಳಿದ ಹುಡುಗನನ್ನು ಸಂಶೋಧಕರ ಗುಂಪಿಗೆ ಹಾಕಿದೆ. “ಕೊಂದ್ರೂ ಮುಂದಿನ ವರ್ಷ ಮತ್ತ ಬರ್ತಾವ, ಬಲಿ ಹಾಕ್ರಿ” ಎಂದು ಅವನೇ ವಾದಿಸಿದ. “ಬಲಿಗೆ ರೊಕ್ಕ ಯಾರ್ ಕೊಡ್ತಾರ?” ಎಂದು ಬೆಳೆಗಾರರ ಗುಂಪು ಕೇಳಿತು. ಅಧಿಕಾರಿಗಳ ಗುಂಪು ಸ್ವಲ್ಪ ಹೊತ್ತು ಸುಮ್ಮನೆ ಕೂತಿತು. ಗಂಟೆ ಬಾರಿಸುವವರೆಗೂ ತೀರ್ಮಾನವಾಗಲಿಲ್ಲ.

ವನ್ಯಪ್ರಾಣಿಗಳಿಂದ ಬೆಳೆ ಹಾಳಾದರೆ ನಮ್ಮಲ್ಲೂ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕಬಹುದು. ಮನೆಯಲ್ಲಿ ಯಾರಾದರೂ ಹಾಕಿದ್ದಾರೆಯೇ, ಏನಾಯಿತು ಎಂದು ಕೇಳಿಕೊಂಡು ಬರುವುದು ಮನೆಗೆಲಸವಾಗಿತ್ತು. ಮರುದಿನ ಹನ್ನೊಂದು ಚೀಟಿ ಬಂದವು. ಹೆಚ್ಚಿನವುಗಳಲ್ಲಿ ‘ಅರ್ಜಿ ಹಾಕಬಹುದು ಅಂತ ಗೊತ್ತಿರಲಿಲ್ಲ’ ಎಂದಿತ್ತು. ಮುಂದಿನ ಅವಧಿಯಲ್ಲಿ ಅರ್ಜಿಯ ನಮೂನೆಯನ್ನೇ ತಂದು ಓದಿಸಿದೆವು.

ಸಹಪಾಠಿಗಳಿಗೆ ನನ್ನದೊಂದು ಸಲಹೆ. ಈ ಘಟಕ ನಿಮ್ಮ ಪಾಲಿಗೆ ಬಂದರೆ ಮೌಲ್ಯಮಾಪನದಲ್ಲಿ ‘ಸಂರಕ್ಷಣೆಯ ಮಹತ್ವ ತಿಳಿಸಿ’ ಎಂಬ ಪ್ರಶ್ನೆಯ ಜೊತೆಗೆ ಇನ್ನೆರಡು ಸೇರಿಸಿ: ಯಾರು ಏನು ಮಾಡಬೇಕು? ಅದರ ಖರ್ಚು ಯಾರ ಮೇಲೆ ಬೀಳುತ್ತದೆ? ಎರಡನೆಯದಕ್ಕೆ ಉತ್ತರ ಬರೆಯಲು ನಮ್ಮ ಶಾಲೆಗಳ ಮಕ್ಕಳು ಎಲ್ಲಿಗೂ ಪ್ರವಾಸ ಹೋಗಬೇಕಿಲ್ಲ. ರಾತ್ರಿ ಹೊಲ ಕಾಯ್ದು ಬಂದ ಅಪ್ಪಂದಿರು ಅವರ ಮನೆಯಲ್ಲೇ ಇದ್ದಾರೆ.