ಪರಸ್ಥಳದ ಮೇಷ್ಟ್ರು

ಊರು ಬಿಟ್ಟು ಊರಿಗೆ ಹೋಗಿ ಪಾಠ ಹೇಳುವುದು ಉಪಾಧ್ಯಾಯ ವೃತ್ತಿಯಷ್ಟೇ ಹಳೆಯದಾದ ಸಂಗತಿ. ಆದರೆ ಭಾಷೆಯನ್ನು ಕಲಿಸಲೆಂದು ಹೋಗುವವನ ಪಾಡು ಉಳಿದವರ ಪಾಡಿನಂತಲ್ಲ. ಗಣಿತದ ಮೇಷ್ಟ್ರಿಗೆ ಎಲ್ಲಿ ಹೋದರೂ ಎರಡು ಎರಡು ನಾಲ್ಕೇ. ಭಾಷೆಯ ಮೇಷ್ಟ್ರು ಮಾತ್ರ ತನ್ನ ಪಾಠಕ್ಕೆ ಬಾಯಿ ತೆರೆಯುವ ಮೊದಲೇ ಆ ಊರಿನ ಮಾತಿನ ಮುಂದೆ ವಿದ್ಯಾರ್ಥಿಯಾಗಿ ಕುಳಿತುಕೊಳ್ಳಬೇಕಾಗುತ್ತದೆ. 1984ರ ಜೂನ್ ತಿಂಗಳಿನಲ್ಲಿ ಉಡುಪಿಯ ಕಡೆಯವನಾದ ನಾನು ಕೊಟ್ಟೂರಿನ ಸಮೀಪದ ಒಂದು ಪ್ರೌಢಶಾಲೆಗೆ ಇಂಗ್ಲಿಷ್ ಉಪಾಧ್ಯಾಯನಾಗಿ ಬಂದೆನು. ಮುಂದಿನ 36 ವರ್ಷಗಳ ನನ್ನ ಸೇವೆಯೆಲ್ಲ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಈ ಐದು ಊರುಗಳ ಸುತ್ತಳತೆಯಲ್ಲಿಯೇ ಸಂದಿತು.

ಒಂದೇ ರಾಜ್ಯದೊಳಗೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋದವನು ತನ್ನನ್ನು ಪರದೇಶಿಯೆಂದು ಹೇಳಿಕೊಳ್ಳುವುದು ಅತಿಶಯವೆಂದು ತೋರಬಹುದು. ಚರಿತ್ರೆಯನ್ನು ನೋಡಿದರೆ ಕರಾವಳಿಗೂ ಈ ಸೀಮೆಗೂ ನಂಟು ಇಲ್ಲದೆ ಇರಲಿಲ್ಲ. ಎರಡೂ ಒಂದು ಕಾಲಕ್ಕೆ ಮದರಾಸು ಆಧಿಪತ್ಯಕ್ಕೆ ಸೇರಿದ್ದವು. ಬಳ್ಳಾರಿ 1953ರಲ್ಲಿಯೂ ದಕ್ಷಿಣ ಕನ್ನಡ 1956ರಲ್ಲಿಯೂ ಮೈಸೂರು ರಾಜ್ಯವನ್ನು ಕೂಡಿಕೊಂಡವು. ಆದರೆ ಆಡಳಿತದ ಕಾಗದಪತ್ರಗಳಲ್ಲಿ ಇರುವ ನಂಟು ಅನ್ನದ ತಟ್ಟೆಯಲ್ಲಿ ಕಾಣುವುದಿಲ್ಲ. ನಮ್ಮ ಊರಿನಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುತ್ತದೆ. ಇಲ್ಲಿ ಅದರ ಐದರಲ್ಲಿ ಒಂದು ಪಾಲೂ ಬೀಳುವುದಿಲ್ಲ. ಕುಚ್ಚಲಕ್ಕಿಯ ಗಂಜಿಯನ್ನು ಉಂಡು ಬೆಳೆದವನ ಮುಂದೆ ಜೋಳದ ರೊಟ್ಟಿಯೂ ಪುಂಡಿಪಲ್ಯವೂ ಶೇಂಗಾ ಚಟ್ನಿಯೂ ಬಂದು ಕುಳಿತವು. ಇಳಿಜಾರು ಹೆಂಚಿನ ಮಾಡಿನ ಬದಲು ಮಣ್ಣು ಹಾಸಿದ ಚಪ್ಪಟೆಯಾದ ಸೂರು. 'ಸೆಕೆಯಾದರೆ ಮಾಳಿಗೆಯ ಮೇಲೆ ಮಲಗ್ರಿ' ಎಂದು ಮನೆಯ ಯಜಮಾನರು ಹೇಳಿದಾಗ ನಾನು ಮೆಟ್ಟಿಲನ್ನೂ ಮಹಡಿಯ ಕೋಣೆಯನ್ನೂ ಹುಡುಕಿದೆನು. ನಮ್ಮ ಕಡೆ ಮಾಳಿಗೆಯೆಂದರೆ ಉಪ್ಪರಿಗೆ. ಇಲ್ಲಿ ಅದು ನಕ್ಷತ್ರಗಳ ಕೆಳಗಿನ ಮಣ್ಣಿನ ಬಯಲು. ಏರಲು ಒಂದು ಬಿದಿರಿನ ಏಣಿ. ಏಪ್ರಿಲ್ ತಿಂಗಳ ರಾತ್ರಿಗಳಲ್ಲಿ ಅದಕ್ಕಿಂತ ಸುಖವಾದ ಶಯನಸ್ಥಾನವನ್ನು ನಾನು ಕಂಡಿಲ್ಲ.

ಮಾತಿನ ವಿಷಯ ಇನ್ನೂ ಸೂಕ್ಷ್ಮವಾದುದು. ನನ್ನ ಮನೆಮಾತು ತುಳು. ಕನ್ನಡವನ್ನು ನಾನು ಕಲಿತದ್ದು ಶಾಲೆಯಲ್ಲಿ, ಪುಸ್ತಕದಿಂದ. ನಾನು 'ಉಂಟು', 'ಹೌದೋ' ಎಂದಾಗಲೆಲ್ಲ ಹುಡುಗರು ಮುಖ ಮುಖ ನೋಡಿಕೊಂಡು ನಗುತ್ತಿದ್ದರು. ಮೇಷ್ಟ್ರು ಬಯಲಾಟದ ರಾಜನ ಹಾಗೆ ಮಾತನಾಡುತ್ತಾರೆ ಎಂಬ ಕೀರ್ತಿ ವಾರದೊಳಗೆ ಊರಿನಲ್ಲಿ ಹಬ್ಬಿತು. ಅವರಲ್ಲಿಯೂ ಎಲ್ಲರ ಮನೆಮಾತು ಕನ್ನಡವಾಗಿರಲಿಲ್ಲ ಎಂಬುದು ನನಗೆ ತಿಳಿದುಬರಲು ಕೆಲವು ದಿನಗಳು ಹಿಡಿದವು. ತಾಂಡಾಗಳಿಂದ ಬರುತ್ತಿದ್ದ ಮಕ್ಕಳು ಮನೆಯಲ್ಲಿ ಲಂಬಾಣಿಯನ್ನು ಆಡುತ್ತಿದ್ದರು. ಕೆಲವರ ಮನೆಯಲ್ಲಿ ತೆಲುಗು, ಕೆಲವರ ಮನೆಯಲ್ಲಿ ಉರ್ದು. ಹೀಗೆ ಒಂದೇ ಕೋಣೆಯಲ್ಲಿ ನಾಲ್ಕೈದು ಮನೆಮಾತುಗಳನ್ನು ಇಟ್ಟುಕೊಂಡು, ಯಾರ ಮನೆಯದೂ ಅಲ್ಲದ ಇಂಗ್ಲಿಷಿನ ಕಡೆಗೆ ನಾವೆಲ್ಲರೂ ಕೂಡಿ ಹೊರಟಿದ್ದೆವು.

ನನಗೆ ಈ ಸೀಮೆಯ ಮೊದಲ ಪಾಠವನ್ನು ಹೇಳಿದವರು ಮನೆಯ ಯಜಮಾನರ ತಾಯಿ. ಊರಿನವರೆಲ್ಲ ಅವರನ್ನು 'ಯವ್ವ' ಎಂದು ಕರೆಯುತ್ತಿದ್ದರು. ನಾನೂ ಹಾಗೆಯೇ ಕರೆಯತೊಡಗಿದೆನು. ಒಂದು ದಿನ ಅವರು ಮೂರನೆಯ ರೊಟ್ಟಿಯನ್ನು ತಟ್ಟೆಗೆ ಹಾಕಲು ಬಂದಾಗ ನಾನು 'ಬೇಡ' ಎಂದೆನು. ಅವರು ಕೈ ಹಿಂದೆಗೆದು, 'ಬ್ಯಾಡ ಅಂತ ನನಗ್ಯಾಕ ಹೇಳ್ತೀರಿ ಮೇಷ್ಟ್ರೇ? ಒಲ್ಲೆ ಅನ್ರಿ' ಎಂದರು. ಈ ಮಾತನ್ನು ನಾನು ಆ ರಾತ್ರಿ ಮಾಳಿಗೆಯ ಮೇಲೆ ಮಲಗಿ ಬಹಳ ಹೊತ್ತು ಯೋಚಿಸಿದೆನು. 'ಬೇಡ' ಎಂಬುದು ಎದುರಿನವರನ್ನು ತಡೆಯುವ ಮಾತು. 'ಒಲ್ಲೆ' ಎಂಬುದು ತನ್ನ ಮನಸ್ಸನ್ನು ತಿಳಿಸುವ ಮಾತು. ಹಳಗನ್ನಡ ಕಾವ್ಯದಲ್ಲಿ ಓದಿ ಪರೀಕ್ಷೆಗೆ ಅರ್ಥ ಬರೆದಿದ್ದ ಶಬ್ದವೊಂದು ಇಲ್ಲಿ ಒಲೆಯ ಮುಂದೆ ದಿನಬಳಕೆಯಲ್ಲಿದ್ದಿತು. ಸಂಜೆಯನ್ನು 'ಬೈಗು' ಎನ್ನುವ ಮುದುಕರೂ ಇಲ್ಲಿದ್ದರು. ಅಂಚೆ ಶಿಕ್ಷಣದ ಮೂಲಕ ನಾನು ಮುಂದೆ ಕನ್ನಡ ಎಂ.ಎ. ಪದವಿಯನ್ನು ಪಡೆದೆನು. ಇಂಗ್ಲಿಷ್ ಮೇಷ್ಟ್ರಿಗೆ ಇದು ಏಕೆ ಬೇಕಾಯಿತು ಎಂದು ಸಹೋದ್ಯೋಗಿಗಳು ಕೇಳಿದರು. ಅದಕ್ಕೆ ಕಾರಣವೆಂದರೆ ಆ ಮೂರನೆಯ ರೊಟ್ಟಿ.

ಮರುದಿನ ತರಗತಿಯಲ್ಲಿ 'ಒಲ್ಲೆ' ಎಂದು ಕರಿಹಲಗೆಯ ಮೇಲೆ ಬರೆದೆನು. ಅದರ ಎದುರಿಗೆ 'ಐ ಡು ನಾಟ್ ವಾಂಟ್ ಇಟ್' ಎಂದು ಇಂಗ್ಲಿಷಿನಲ್ಲಿ ಬರೆದು ಪದಗಳನ್ನು ಎಣಿಸಲು ಹೇಳಿದೆನು. ತಮ್ಮ ಒಂದು ಮಾತಿಗೆ ಇಂಗ್ಲಿಷಿನವರು ಐದು ಮಾತು ವೆಚ್ಚ ಮಾಡುತ್ತಾರೆಂದು ತಿಳಿದ ಮಕ್ಕಳ ಮುಖದಲ್ಲಿ ಮೂಡಿದ ಸಂತೋಷವನ್ನು ನಾನು ಮರೆಯಲಾರೆ. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಹುಡುಗನೊಬ್ಬನು ಧೈರ್ಯ ತಂದುಕೊಂಡು, ಹಿಂದಿನ ದಿನದ ಪಾಠದಲ್ಲಿದ್ದ 'ಇಟ್ ಈಸ್ ರೈನಿಂಗ್' ಎಂಬ ವಾಕ್ಯವನ್ನು ತೋರಿಸಿ, 'ಈ ಇಟ್ ಅಂದ್ರ ಯಾರ್ರಿ ಸಾರ್?' ಎಂದು ಕೇಳಿದನು. ವ್ಯಾಕರಣ ಪಂಡಿತರು ಪುಟಗಟ್ಟಲೆ ಬರೆದಿರುವ ಪ್ರಶ್ನೆ ಇದು. ಇಂಗ್ಲಿಷಿನಲ್ಲಿ ಕರ್ತೃವಿಲ್ಲದೆ ವಾಕ್ಯ ನಿಲ್ಲುವುದಿಲ್ಲ. ಮನೆಯಲ್ಲಿ ಯಾರೂ ಇಲ್ಲದಿದ್ದರೂ ಬಾಗಿಲಲ್ಲಿ ಒಬ್ಬನನ್ನು ನಿಲ್ಲಿಸಲೇಬೇಕು. ಕನ್ನಡದಲ್ಲಿ ಮಳೆ ತಾನೇ ನಡೆದು ಬರುತ್ತದೆ. 'ಮಳೆ ಬಂತೇ?' ಎಂದು ಕೇಳುವಾಗ ನಾವು ನೆಂಟರು ಬಂದರೇ ಎಂದು ಕೇಳುವ ದನಿಯಲ್ಲಿಯೇ ಕೇಳುತ್ತೇವೆ. ಹುಡುಗರು ಆ ನೆಂಟರ ಹೆಸರುಗಳನ್ನು ಒಂದೊಂದಾಗಿ ಹೇಳತೊಡಗಿದರು: ರೋಹಿಣಿ, ಮೃಗಶಿರ, ಆರಿದ್ರ, ಪುನರ್ವಸು. ನಮ್ಮ ಕಡೆ ಹೆಸರು ಹಿಡಿದು ಕರೆಯುವ ಮೊದಲೇ ಮಳೆ ಮನೆಯೊಳಗೆ ನುಗ್ಗಿರುತ್ತದೆ. ಇಲ್ಲಿ ಎಂಟನೆಯ ತರಗತಿಯ ಹುಡುಗನಿಗೂ ಯಾವ ಮಳೆಗೆ ಯಾವ ಬಿತ್ತನೆ ಎಂಬುದು ಬಾಯಿಪಾಠವಾಗಿದ್ದಿತು.

ಆಗ ಸರಕಾರಿ ಶಾಲೆಯಲ್ಲಿ ಇಂಗ್ಲಿಷ್ ಆರಂಭವಾಗುತ್ತಿದ್ದುದು ಐದನೆಯ ತರಗತಿಯಲ್ಲಿ. 2007ರಿಂದ ಒಂದನೆಯ ತರಗತಿಯಲ್ಲಿಯೇ ಅದು ಬಂದಿದೆ. ನಾನು ಅದನ್ನು ಅಲ್ಲಗಳೆಯುವವನಲ್ಲ. ಆದರೆ ಬೇಗ ತೊಡಗುವುದರಿಂದಲೇ ಭಾಷೆ ಬರುತ್ತದೆ ಎಂಬುದನ್ನು ಒಪ್ಪುವವನೂ ಅಲ್ಲ. 'ಇಟ್ ಅಂದರೆ ಯಾರು?' ಎಂದು ಕೇಳಲು ಮಗುವಿಗೆ ತನ್ನ ಮಾತು ಚೆನ್ನಾಗಿ ಬರುತ್ತಿರಬೇಕು.

ಈ ಮಕ್ಕಳು ಭಾಷೆಯಲ್ಲಿ ಹಿಂದುಳಿದವರು ಎಂಬ ಮಾತು ತನಿಖೆಗೆ ಬಂದವರ ಬಾಯಲ್ಲಿ ಆಗಾಗ ಕೇಳಿಬರುತ್ತಿತ್ತು. ಅದಕ್ಕೆ ಉತ್ತರ ನನಗೆ ದೊರೆತದ್ದು ಶಾಲೆಯಲ್ಲಲ್ಲ, ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ. ತುಂಗಭದ್ರೆಯ ದಡದ ಆ ಊರಿನಲ್ಲಿ ಭಾರತ ಹುಣ್ಣಿಮೆಯ ತರುವಾಯ ಜಾತ್ರೆ ಸೇರುತ್ತದೆ. 1986ರಲ್ಲಿ ಹುಡುಗರೊಂದಿಗೆ ನಾನೂ ಚಕ್ಕಡಿಯಲ್ಲಿ ಕುಳಿತು ಹೋದೆನು. ಡೆಂಕನ ಮರಡಿಯಲ್ಲಿ ಲಕ್ಷಾಂತರ ಜನ. ಕಂಬಳಿಯನ್ನು ಉಟ್ಟ ಗೊರವಯ್ಯನು ಎತ್ತರವಾದ ಬಿಲ್ಲನ್ನು ಏರಿ 'ಸದ್ದಲೇ' ಎಂದು ಕೂಗಿದೊಡನೆ, ಸಮುದ್ರದಂತೆ ಮೊರೆಯುತ್ತಿದ್ದ ಆ ಸಂದಣಿ ಉಸಿರು ಬಿಗಿಹಿಡಿದು ನಿಂತಿತು. ತರಗತಿಯಲ್ಲಿ ಮೌನ ಮೂಡಿಸಲು ಬೆತ್ತ ಹಿಡಿಯುವ ನಾವು ನೋಡಿ ಕಲಿಯಬೇಕಾದ ದೃಶ್ಯ ಅದು. ಅವನು ನುಡಿದದ್ದು ಒಂದೇ ಒಂದು ವಾಕ್ಯ. ನುಡಿದವನೇ ಮೇಲಿನಿಂದ ಕೆಳಕ್ಕೆ ಬಿದ್ದನು, ಕೆಳಗಿದ್ದವರು ಅವನನ್ನು ಹಿಡಿದುಕೊಂಡರು. ಅದೇ ಕಾರ್ಣಿಕ.

ನಿಜವಾದ ಪಾಠ ಆರಂಭವಾದದ್ದು ಹಿಂದಿರುಗುವಾಗ. ದಾರಿಯುದ್ದಕ್ಕೂ ಪ್ರತಿಯೊಂದು ಚಕ್ಕಡಿಯಲ್ಲಿಯೂ ಆ ಒಂದು ವಾಕ್ಯದ ವ್ಯಾಖ್ಯಾನ. ಒಬ್ಬನು ಅದರಲ್ಲಿ ಮಳೆಯನ್ನು ಕಂಡನು, ಇನ್ನೊಬ್ಬನು ಜೋಳದ ಧಾರಣೆಯನ್ನು, ಮತ್ತೊಬ್ಬನು ರಾಜಕಾರಣವನ್ನು. ಕಡೆಯ ಶಬ್ದವನ್ನು ಬಿಡಿಸುವ ಬಗೆಯ ಮೇಲೆ ನಮ್ಮ ಚಕ್ಕಡಿಯಲ್ಲಿ ಒಂದು ಗಂಟೆಯ ಕಾಲ ವಾದ ನಡೆಯಿತು. ಹಿಂದಿನ ವರ್ಷದ ವಾಕ್ಯವನ್ನು ನೆಪ್ಪಿಟ್ಟುಕೊಂಡು, ಅದರ ಫಲ ಹೇಗಾಯಿತೆಂದು ಲೆಕ್ಕ ಒಪ್ಪಿಸಿದವನು ಅಕ್ಷರ ಬಾರದ ಮುದುಕ. ಒಂದು ವಾಕ್ಯದಿಂದ ಇಷ್ಟು ಅರ್ಥವನ್ನು ಹಿಂಡಬಲ್ಲ ಜನರ ಮಕ್ಕಳು ಭಾಷೆಯಲ್ಲಿ ಹಿಂದುಳಿದವರೆಂದರೆ ಯಾರು ನಂಬಬೇಕು? ಅಂದಿನಿಂದ ನಾನು ಇಂಗ್ಲಿಷ್ ಪಾಠದ ಒಂದು ವಾಕ್ಯವನ್ನು ಹಲಗೆಯ ಮೇಲೆ ಬರೆದು, 'ಇದು ಇವತ್ತಿನ ಕಾರ್ಣಿಕ, ಬಿಡಿಸಿರಿ' ಎನ್ನುತ್ತಿದ್ದೆನು. ಹುಡುಗರು ಬಿಡಿಸುತ್ತಿದ್ದರು. ಕೆಲವು ಅರ್ಥಗಳು ಪಾಠ ಬರೆದವರಿಗೇ ಹೊಳೆದಿರಲಾರವು.

ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಬೀchi ಎಂಬ ಕಾವ್ಯನಾಮದ ರಾಯಸಂ ಭೀಮಸೇನರಾಯರು ಮೊದಲು ಇಂಗ್ಲಿಷ್ ಸಾಹಿತ್ಯದ ಮೋಹದಲ್ಲಿದ್ದು, ಅ.ನ.ಕೃ. ಅವರ 'ಸಂಧ್ಯಾರಾಗ'ವನ್ನು ಓದಿದ ಬಳಿಕ ಕನ್ನಡಕ್ಕೆ ಒಲಿದರೆಂಬುದು ಪ್ರಸಿದ್ಧವಾಗಿದೆ. ಅವರ ಊರಿನಲ್ಲಿ ಪಾಠ ಹೇಳುವಾಗ ಇದನ್ನು ನಾನು ಮಕ್ಕಳಿಗೆ ತಪ್ಪದೆ ಹೇಳುತ್ತಿದ್ದೆನು.

ದೂರದ ಜಪಾನಿನಲ್ಲಿಯೂ ನನ್ನಂಥ ಮೇಷ್ಟ್ರುಗಳಿದ್ದರೆಂದು ಓದಿ ತಿಳಿದು ಹಿಗ್ಗಿದ್ದೇನೆ. ಗ್ರೀಸ್ ದೇಶದ ದ್ವೀಪವೊಂದರಲ್ಲಿ ಹುಟ್ಟಿದ ಲಾಫ್ಕಾಡಿಯೋ ಹರ್ನ್ ಎಂಬವರು 1890ರಲ್ಲಿ ಮಾತ್ಸುಯೆ ಎಂಬ ಸಣ್ಣ ಪಟ್ಟಣಕ್ಕೆ ಇಂಗ್ಲಿಷ್ ಉಪಾಧ್ಯಾಯರಾಗಿ ಹೋದರು. ಅಲ್ಲಿನ ಚಳಿಯನ್ನು ತಾಳಲಾರದೆ ಮರುವರ್ಷವೇ ಬೇರೆ ಊರಿಗೆ ಹೋದರಾದರೂ ಜಪಾನನ್ನು ಬಿಡಲಿಲ್ಲ. ಕೊಯಿಜುಮಿ ಸೆತ್ಸು ಎಂಬ ಮಹಿಳೆಯನ್ನು ಮದುವೆಯಾಗಿ, 1896ರಲ್ಲಿ ಆ ದೇಶದ ಪ್ರಜೆಯೇ ಆದರು. ಜಪಾನೀ ಭಾಷೆಯನ್ನು ಸರಾಗವಾಗಿ ಓದುವುದು ಅವರಿಗೆ ಕೊನೆಯವರೆಗೂ ಸಾಧ್ಯವಾಗಲಿಲ್ಲ. ಗಂಡಹೆಂಡಿರು ತಮ್ಮಿಬ್ಬರಿಗೇ ತಿಳಿಯುವ ಒಂದು ಬಗೆಯ ಮುರುಕು ಜಪಾನಿಯಲ್ಲಿ ಮಾತನಾಡುತ್ತಿದ್ದರು. ಹೆಂಡತಿ ಹೇಳಿದ ಹಳೆಯ ಕಥೆಗಳನ್ನು ಗಂಡ ಇಂಗ್ಲಿಷಿನಲ್ಲಿ ಬರೆದನು. 1904ರ 'ಕ್ವೈದಾನ್' ಎಂಬ ಪ್ರಸಿದ್ಧ ಗ್ರಂಥ ಹುಟ್ಟಿದ್ದು ಹೀಗೆ. ಪರದೇಶದವರೇ ಏಕೆ, ಟೋಕಿಯೋ ನಗರದ ನಾತ್ಸುಮೆ ಸೋಸೆಕಿ 1895ರಲ್ಲಿ ಮಾತ್ಸುಯಾಮಾ ಎಂಬ ಊರಿಗೆ ಇಂಗ್ಲಿಷ್ ಕಲಿಸಲು ಹೋಗಿ ಒಂದೇ ವರ್ಷ ನಿಂತರು. ಆ ಊರಿನ ಅನುಭವ ಮುಂದೆ 'ಬೊಚ್ಚನ್' ಎಂಬ ನಗೆಕಾದಂಬರಿಗೆ ಒದಗಿತು. 1987ರಿಂದ ಜಪಾನ್ ಸರಕಾರವೇ ಹೊರದೇಶಗಳ ತರುಣರನ್ನು ಕರೆಸಿ ಹಳ್ಳಿಹಳ್ಳಿಯ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಲು ನೇಮಿಸುತ್ತಿದೆ. ಅವರಿಗೂ ಯಾರಾದರೂ ಒಬ್ಬ ಯವ್ವ ಮೂರನೆಯ ರೊಟ್ಟಿಯನ್ನು ಬಡಿಸಿರಬೇಕು ಎಂದು ನಾನು ಊಹಿಸುತ್ತೇನೆ.

ಅದೇ 1987ರಲ್ಲಿ ನಮ್ಮ ಕಡೆ ಬರ. ದೇಶದ ಬಹುಭಾಗವನ್ನು ಬಾಧಿಸಿದ ಬರ ಅದು; ಮೊದಲೇ ಬಡಕಲಾದ ಈ ನೆಲಕ್ಕೆ ಹೇಳುವುದೇನು? ಆರಿದ್ರ ಮಳೆ ಕಳೆದರೂ ಬಿತ್ತನೆಯಿಲ್ಲ. ಜನ ಗುಳೆ ಹೊರಟರು. ತಟ್ಟು ಮುಚ್ಚಿದ ಲಾರಿಗಳಲ್ಲಿ ಗಂಟುಮೂಟೆ, ಕೋಳಿ, ಮಕ್ಕಳು. ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆಗಳು ಹೆಚ್ಚಿದವು. 'ಇಟ್ ಅಂದರೆ ಯಾರು?' ಎಂದು ಕೇಳಿದ್ದ ಹುಡುಗ ಆಗ ಹತ್ತನೆಯ ತರಗತಿಯಲ್ಲಿದ್ದನು. ಅವನ ತಂದೆಯ ಬಳಿಗೆ ಹೋಗಿ, ಹುಡುಗನನ್ನು ನನ್ನ ಕೋಣೆಯಲ್ಲಿ ಇರಿಸಿಕೊಳ್ಳುತ್ತೇನೆ ಎಂದೆನು. ಆತ ಕೈಮುಗಿದು, 'ದುಡಿಯೋ ಕೈ ಬೇಕ್ರಿ ಮೇಷ್ಟ್ರೇ' ಎಂದನು. ಅದರ ಮುಂದೆ ನನ್ನಲ್ಲಿ ಮಾತಿರಲಿಲ್ಲ. ಎರಡು ತಿಂಗಳ ಮೇಲೆ ಚಿಕ್ಕಮಗಳೂರು ಸೀಮೆಯ ಕಾಫಿ ತೋಟವೊಂದರಿಂದ ಒಂದು ಅಂಚೆಕಾರ್ಡು ಬಂದಿತು. ಮೇಲೆ ಕನ್ನಡದಲ್ಲಿ ಕ್ಷೇಮ ಸಮಾಚಾರ. ಕೆಳಗೆ ಇಂಗ್ಲಿಷಿನಲ್ಲಿ ಒಂದೇ ಸಾಲು: ಹಿಯರ್ ಇಟ್ ಈಸ್ ರೈನಿಂಗ್. ವ್ಯಾಕರಣದ ದೃಷ್ಟಿಯಿಂದ ಅದರಲ್ಲಿ ತಿದ್ದುವಂಥದು ಏನೂ ಇರಲಿಲ್ಲ. ಕಾರ್ಡು ಈಗಲೂ ನನ್ನ ಬಳಿ ಇದೆ. ಅವನು ಮರುವರ್ಷ ಬಂದು ಹತ್ತನೆಯ ತರಗತಿಗೆ ಮತ್ತೆ ಕುಳಿತನು. ಅವನ ಜೊತೆಗೆ ಹೋಗಿದ್ದ ಇಬ್ಬರು ಹುಡುಗಿಯರು ಶಾಲೆಗೆ ಬರಲೇ ಇಲ್ಲ.

ನಾನು ಪ್ರತಿ ಬೇಸಗೆಯಲ್ಲಿ ಊರಿನ ಕಡೆಗೆ ವರ್ಗಾವಣೆ ಕೇಳಿ ಅರ್ಜಿ ಬರೆಯುತ್ತಿದ್ದೆನು. ಊರಿನಲ್ಲಿ ತಾಯಿ ಒಬ್ಬರೇ ಇದ್ದರು. 1990ರಲ್ಲಿ ಆದೇಶ ಬಂದೇ ಬಂದಿತು. ಅದನ್ನು ಕೈಯಲ್ಲಿ ಹಿಡಿದು ಮೂರು ದಿನ ತಿರುಗಿದೆನು. ನಾಲ್ಕನೆಯ ದಿನ, ರದ್ದುಪಡಿಸಬೇಕೆಂದು ಕೋರಿ ಇನ್ನೊಂದು ಅರ್ಜಿ ಬರೆದು, ಬಸ್ಸು ಹತ್ತಿ ತಾಯಿಯನ್ನು ಕರೆತರಲು ಹೋದೆನು. ಅವರು ಕೋಪಿಸಿಕೊಳ್ಳಲಿಲ್ಲ. 'ಅಲ್ಲಿ ಹೂವು ಸಿಕ್ಕುತ್ತದೆಯೇ?' ಎಂದು ತುಳುವಿನಲ್ಲಿ ಕೇಳಿದರು, ಅಷ್ಟೆ.

ಹೂವಿನ ಹಡಗಲಿಗೆ ನನ್ನನ್ನು ಹಾಕಿದ್ದು ಅವರ ಪುಣ್ಯ. ಅಲ್ಲಿನ ಮಲ್ಲಿಗೆಗೂ ನಮ್ಮ ಉಡುಪಿಯ ಮಲ್ಲಿಗೆಗೂ ಇಂದು ಭೌಗೋಳಿಕ ಗುರುತಿನ ಮನ್ನಣೆಯಿದೆ. ಯಾವುದು ಮೇಲು ಎಂಬ ವ್ಯಾಜ್ಯದಲ್ಲಿ ನಾನು ಬಾಯಿ ಹಾಕುವುದಿಲ್ಲ. ನಮ್ಮ ಕಡೆ ಹೂವನ್ನು ಚೆಂಡಿನ ಲೆಕ್ಕದಲ್ಲಿ ಮಾರುತ್ತಾರೆ: ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಇಲ್ಲಿ ಬಾಗಿಲಿಗೆ ಬರುವವಳು ಮೊಳ ಹಾಕಿ ಕೊಡುತ್ತಾಳೆ. ತಾಯಿ ತುಳುವಿನಲ್ಲಿ ಚೆಂಡು ಎನ್ನುವರು, ಹೂವಿನವಳು ತನ್ನ ಕನ್ನಡದಲ್ಲಿ ಮೊಳ ಎನ್ನುವಳು, ಯಾರೂ ಸೋಲುತ್ತಿರಲಿಲ್ಲ. ಹನ್ನೊಂದು ವರ್ಷ ಈ ವ್ಯಾಪಾರ ನಡೆಯಿತು. ಇಬ್ಬರೂ ಕಟ್ಟೆಯ ಮೇಲೆ ಕುಳಿತು ಗಂಟೆಗಟ್ಟಲೆ ಹರಟುವುದನ್ನು ನಾನು ಒಳಗಿನಿಂದ ಕೇಳುತ್ತಿದ್ದೆನು. ಆ ಮಾತು ತುಳುವೂ ಅಲ್ಲ, ಅತ್ತ ಕನ್ನಡವೂ ಅಲ್ಲ. ಮಳೆ ತಪ್ಪಿ ಹೂವು ಕಡಮೆಯಾದ ವರ್ಷಗಳಲ್ಲಿ ಹೂವಿನವಳು ಬರಿಗೈಯಲ್ಲಿಯೇ ಬಂದು, ಕಟ್ಟೆಯ ಮೇಲೆ ಕುಳಿತು, ಒಂದು ಲೋಟ ಚಹ ಕುಡಿದು ಹೋಗುತ್ತಿದ್ದಳು.