ನಿಂತ ಚುಕ್ಕೆ, ತೇಲುವ ಚುಕ್ಕೆ

ಬಡ್ಡಿಯ ಲೆಕ್ಕವೆಂದೊಡನೆ ವಾಚಕರು ಪುಟ ಮಗುಚಬಾರದಾಗಿ ಪ್ರಾರ್ಥನೆ. ಕಂಪ್ಯೂಟರಿಗೆ ಪ್ರೋಗ್ರಾಂ ಬರೆದು ಹೊಟ್ಟೆ ಹೊರೆಯುವ ನನ್ನಂಥವನಲ್ಲಿ ಬೇರೆ ಸರಕಿಲ್ಲ. ಮೇಲಾಗಿ, ಇದು ನಿಮ್ಮ ಠೇವಣಿಯ ಮಾತೇ.

ಯಂತ್ರಕ್ಕೆ ಚಿಲ್ಲರೆ ಲೆಕ್ಕ ಬಾರದೆಂದರೆ ಯಾರೂ ನಂಬರು. ಆದರೂ 0.1ಕ್ಕೆ 0.2 ಕೂಡಿಸೆಂದರೆ ಅದು ಸಾಮಾನ್ಯವಾಗಿ 0.30000000000000004 ಎನ್ನುತ್ತದೆ. ಪಾಪ, ಅದು ಎಣಿಸುವುದೇ ಎರಡರ ಲೆಕ್ಕದಲ್ಲಿ: ಅರ್ಧ, ಕಾಲು, ಅರೆಕಾಲು, ವೀಸ, ಹೀಗೆ. ಹತ್ತರಲ್ಲೊಂದು ಪಾಲು ಆ ದಾರಿಯಲ್ಲಿ ಎಂದಿಗೂ ಸಿಕ್ಕುವುದಿಲ್ಲ. ಒಂದನ್ನು ಮೂರರಿಂದ ಭಾಗಿಸಹೊರಟ ನಾವು 0.333 ಎಂದು ಬರೆಯುತ್ತ ಸುಸ್ತಾಗುವ ಹಾಗೆ. ತಮಾಷೆಯೆಂದರೆ, ನಮ್ಮ ಹಿರಿಯರ ಆಣೆ ಈ ಯಂತ್ರಕ್ಕೆ ಹೇಳಿ ಮಾಡಿಸಿದ ನಾಣ್ಯ. ರೂಪಾಯಿಯ 16ರಲ್ಲೊಂದು ಪಾಲು ಆಣೆ, 64ರಲ್ಲೊಂದು ಹಳೆಯ ಪೈಸೆ. ಎರಡೂ ಕೂದಲೆಳೆಯಷ್ಟೂ ಕೊಂಕದೆ ಅದರೊಳಗೆ ಕೂರುತ್ತವೆ. (192ರಲ್ಲೊಂದಾದ ಪೈ ಮಾತ್ರ ಮೂರರ ಕಾಟದಿಂದಾಗಿ ಹೊರಗೆ.) 1957ರ ಏಪ್ರಿಲ್ 1ರಂದು ನಯಾ ಪೈಸೆ ಬಂದಿತು, ಮನುಷ್ಯರಿಗೆ ಸುಲಭವಾದದ್ದು ಯಂತ್ರಕ್ಕೆ ತೊಡಕಾಯಿತು. ಮನುಷ್ಯರಿಗಾದರೂ ಮೊದಲಿಗೆ ತಕರಾರಿತ್ತು. ಒಂದಾಣೆಗೆ ಸಲ್ಲಬೇಕಾದದ್ದು ಆರೂಕಾಲು ನಯಾ ಪೈಸೆ, ಸಲ್ಲುತ್ತಿದ್ದುದು ಆರು. ನಾಲ್ಕಾಣೆಯನ್ನು ಒಂದೊಂದಾಗಿ ಬದಲಿಸಿದರೆ 24, ಒಟ್ಟಿಗೆ ಬದಲಿಸಿದರೆ 25!

ಈ ಕಾಲು ಪೈಸೆಯೇ ಈಚೆಗೆ ನನ್ನ ಮೇಜಿಗೂ ಬಂದಿತು. ಪಿಂಚಣಿದಾರರೇ ಹೆಚ್ಚಾಗಿರುವ ಸಹಕಾರ ಸಂಘವೊಂದಕ್ಕೆ ಠೇವಣಿ ಲೆಕ್ಕದ ಪ್ರೋಗ್ರಾಂ ಬೇಕಾಗಿತ್ತು. ಜೊತೆಯ ಹುಡುಗನ ಮತ ಸ್ಥಿರಬಿಂದುವಿಗೆ. ಎಂದರೆ, ಚುಕ್ಕೆಯನ್ನು ಒಂದೇ ಕಡೆ ನೆಟ್ಟು, ಎಲ್ಲವನ್ನೂ ಪೈಸೆಯಲ್ಲಿ ಪೂರ್ಣಸಂಖ್ಯೆಯಾಗಿ ಇಡುವುದು. ಕೂಡಿ ಕಳೆಯುವುದಕ್ಕೆ ಇದರಷ್ಟು ಪ್ರಾಮಾಣಿಕ ಕ್ರಮ ಮತ್ತೊಂದಿಲ್ಲ. 64 ಬಿಟ್ಟುಗಳಲ್ಲಿ 92 ಸಾವಿರ ಲಕ್ಷ ಕೋಟಿ ರೂಪಾಯಿಯವರೆಗೆ ಜಾಗವಿದೆ. ಆ ಸಂಘಕ್ಕೆ ಧಾರಾಳವಾಗಿ ಸಾಕು.

ತೊಡಕು ಬಡ್ಡಿಯಲ್ಲಿ. ಹತ್ತು ಸಾವಿರಕ್ಕೆ ಶೇಕಡಾ 7.25ರಂತೆ ದಿನದ ಬಡ್ಡಿ 198.63 ಪೈಸೆ. ಬಾಲವನ್ನು ದಿನದಿನವೂ ಕತ್ತರಿಸಿದರೆ ವರ್ಷಕ್ಕೆ ಬರುವುದು 722 ರೂಪಾಯಿ 70 ಪೈಸೆ, ಬರಬೇಕಾದದ್ದು 725. ಹೋಗಲಿ, 199 ಮಾಡೋಣವೆಂದರೆ ಸಂಘಕ್ಕೆ 1 ರೂಪಾಯಿ 35 ಪೈಸೆ ನಷ್ಟ. ಎರಡು ರೂಪಾಯಿಗೆ ಯಾರು ಜಗಳವಾಡುತ್ತಾರೆ ಎನ್ನಬೇಡಿ. ಪಾಸ್‌ಬುಕ್ಕನ್ನು ಕನ್ನಡಕದ ಹತ್ತಿರ ಹಿಡಿದು ಓದುವವರು ಆಡುತ್ತಾರೆ, ಆಡಬೇಕು ಕೂಡ. ವ್ಯಾಂಕೂವರಿನ ಷೇರು ಪೇಟೆಯ ಸೂಚ್ಯಂಕ 1982ರಲ್ಲಿ 1000ದಿಂದ ಹೊರಟು, ಮೂರನೆಯ ದಶಾಂಶದಾಚೆಯ ಬಾಲವನ್ನು ಸಾವಿರಾರು ಸಲ ಕತ್ತರಿಸಿಕೊಂಡು, 1983ರ ನವೆಂಬರಿಗೆ 524ಕ್ಕೆ ಇಳಿದಿತ್ತು. ತಿದ್ದಿ ನೋಡಿದರೆ 1098!

ಇನ್ನೊಂದು ದಾರಿ ತೇಲುವ ಚುಕ್ಕೆಯದು, ಅದೂ ಹತ್ತರ ಲೆಕ್ಕದಲ್ಲಿ. ಐಇಇಇ 754 ಎಂಬ ನಿಯಮಾವಳಿಗೆ ಇದು 2008ರಲ್ಲಿ ಸೇರಿತು. ಹದಿನಾರು ಅಂಕಿ, ಬೇಕಾದರೆ ಮೂವತ್ತನಾಲ್ಕು. ಚುಕ್ಕೆ ಎಲ್ಲಿಗೆ ಬೇಕಾದರೂ ಸರಿಯುತ್ತದೆ. 0.1 ಎಂದರೆ 0.1 ಅಷ್ಟೇ. ಐಬಿಎಮ್ಮಿನ ಪವರ್6 ಯಂತ್ರ 2007ರಲ್ಲೇ ಇದನ್ನು ಚಿಪ್ಪಿನಲ್ಲೇ ಕಲಿತು ಬಂದಿತ್ತು. ಸಾಮಾನ್ಯ ಯಂತ್ರಗಳಿಗೆ ಪ್ರೋಗ್ರಾಮಿನಿಂದ ಹೇಳಿಸಬೇಕು, ನಿಧಾನ. ಆ ನಿಧಾನ ನನಗೆ ದೊಡ್ಡದಲ್ಲ. ದೊಡ್ಡದು ಅದರ ಔದಾರ್ಯ: ಖಾತೆಯಲ್ಲಿ 1.986301 ರೂಪಾಯಿ ಇದ್ದರೂ ಅದು ತಕರಾರೆತ್ತದು. ಅಷ್ಟು ಹಣವನ್ನು ಯಾವ ಗುಮಾಸ್ತ ಎಣಿಸಿಕೊಟ್ಟಾನು?

ಕಡೆಗೆ ಖತಾವಣಿಯನ್ನು ಪೈಸೆಗೆ ನೆಟ್ಟೆವು. ಬಡ್ಡಿಯನ್ನು ಮಾತ್ರ ತೇಲಲು ಬಿಟ್ಟು, ತ್ರೈಮಾಸಿಕದ ಕೊನೆಯಲ್ಲಿ ಒಂದೇ ಸಲ ದಡಕ್ಕೆ ಎಳೆಯುವುದೆಂದು ಗೊತ್ತುಮಾಡಿದೆವು. ಉಳಿದದ್ದು ಸರಿಯಾಗಿ ಅರ್ಧ ಪೈಸೆಯ ಪ್ರಶ್ನೆ. ಪಂಡಿತರ ನಿಯಮದಂತೆ ಅದು ಸಮಸಂಖ್ಯೆಯ ಕಡೆಗೆ ಹೋಗಬೇಕು, ಅಂಗಡಿಯವನ ರೂಢಿಯಂತೆ ಮೇಲಕ್ಕೆ. ಇದನ್ನು ತೀರ್ಮಾನಿಸಲು ನಾವು ಯಾರು? ಸಂಘದ ಆಡಳಿತ ಮಂಡಳಿಗೇ ಬರೆದು ಕೇಳಿದೆವು. ಕಾರ್ಯದರ್ಶಿಗಳು ನಡಾವಳಿ ಪುಸ್ತಕದಲ್ಲಿ ಒಂದೇ ಸಾಲು ಬರೆಸಿ ಕಳುಹಿಸಿದರು: ಅರ್ಧ ಬಂದರೆ ಠೇವಣಿದಾರರಿಗೆ.